ಲೈನಪ್ ಅಂಕಿಅಂಶದಿಂದ ಆಟಗಾರನ ಬೆಲೆ ಕಟ್ಟುವುದು: +42 ಇರುವ ಗಾರ್ಡ್ ನಿಜಕ್ಕೂ ಅಷ್ಟು ಒಳ್ಳೆಯವನಾ?

ಸ್ಕೋರ್‌ಶೀಟ್

ಬ್ಯಾಸ್ಕೆಟ್‌ಬಾಲ್ ಕ್ಲಬ್ ತಂಡವೊಂದರ 10 ಪಂದ್ಯಗಳ ಪ್ಲಸ್-ಮೈನಸ್ ಲೆಕ್ಕ (ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ ಅಂಕದಿಂದ ಬಿಟ್ಟುಕೊಟ್ಟ ಅಂಕ ಕಳೆದದ್ದು) ಕೈಯಲ್ಲಿದೆ. 10 ನಿಮಿಷದ ನಾಲ್ಕು ಕ್ವಾರ್ಟರ್, ಓವರ್‌ಟೈಮ್ ಒಂದೂ ಇಲ್ಲ. ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು) ಅಂಗಳದಲ್ಲಿದ್ದ 280 ನಿಮಿಷಗಳಲ್ಲಿ ತಂಡ +42. ಅವನು ಬೆಂಚಿನಲ್ಲಿದ್ದ 120 ನಿಮಿಷಗಳಲ್ಲಿ −9. ಆದರೆ ಅವನು ಹೊಡೆಯುವುದು ಪಂದ್ಯಕ್ಕೆ ಏಳೆಂಟು ಅಂಕ ಅಷ್ಟೇ, ಹಾಗಾಗಿ ಆಯ್ಕೆಯ ವಿಷಯದಲ್ಲಿ ಒಮ್ಮತ ಇಲ್ಲ. ಈ ಲೆಕ್ಕ ತೋರಿಸಿ ಅವನೇ ತಂಡದ ಆಧಾರ ಅಂತ ವಾದಿಸಬಹುದಾ? ಐದು ಜನರ ಲೈನಪ್‌ಗಳ ಪಟ್ಟಿಯೂ ಇದೆ. ಅದರಲ್ಲಿ ಎಲ್ಲಕ್ಕಿಂತ ಮೇಲಿರುವ ಐವರು ಒಟ್ಟಿಗೆ ಆಡಿದ್ದು 11 ನಿಮಿಷ, +14. ಅದಕ್ಕೆ ಎಷ್ಟು ತೂಕ ಕೊಡಬೇಕು?

ಬಾಕ್ಸೌಟ್

ಮೊದಲು ನಿಮಿಷ ಬಿಟ್ಟು ಪೊಸೆಷನ್‌ಗೆ ಬನ್ನಿ, ಅಂದರೆ ಚೆಂಡು ಒಂದು ತಂಡದ ಕೈಗೆ ಬಂದು ಎದುರಾಳಿಗೆ ಹೋಗುವವರೆಗಿನ ಸರದಿಗೆ. ತಂಡದ ಪೊಸೆಷನ್ = ಫೀಲ್ಡ್ ಗೋಲ್ ಯತ್ನ (ಆಟದ ನಡುವಿನ ಹೊಡೆತ) + 0.44 × ಫ್ರೀ ಥ್ರೋ ಯತ್ನ (ಫೌಲ್‌ಗೆ ಸಿಗುವ ಹೊಡೆತ) − ಆಕ್ರಮಣದ ರೀಬೌಂಡ್ (ತಪ್ಪಿದ ತಮ್ಮದೇ ಹೊಡೆತವನ್ನು ಮರಳಿ ಹಿಡಿದದ್ದು) + ಟರ್ನೋವರ್ (ಹೊಡೆಯದೆ ಚೆಂಡು ಕಳೆದುಕೊಂಡದ್ದು). 40 ನಿಮಿಷಕ್ಕೆ 75 ಅಂತ ಹಿಡಿದರೆ 280 ನಿಮಿಷ ಅಂದರೆ 525, 120 ನಿಮಿಷ ಅಂದರೆ 225. 100 ಪೊಸೆಷನ್‌ಗೆ ಅವನಿದ್ದಾಗ +8, ಇಲ್ಲದಾಗ −4. ಆನ್-ಆಫ್ ವ್ಯತ್ಯಾಸ, ಅಂದರೆ ಅವನಿದ್ದಾಗಿನ ಮತ್ತು ಇಲ್ಲದಾಗಿನ ಅಂತರ, 12. ನೋಡಲು ದೊಡ್ಡದೇ.

ಈಗ ಅದೃಷ್ಟದ ಪಾಲು ನೋಡಿ. ಒಂದು ಪೊಸೆಷನ್‌ನಲ್ಲಿ ಬರುವುದು ಹೆಚ್ಚಾಗಿ 0, 2 ಅಥವಾ 3 ಅಂಕ. ಅದರ ಪ್ರಮಾಣ ವಿಚಲನೆ (ಸರಾಸರಿಯ ಸುತ್ತ ಎಷ್ಟು ಹರಡುತ್ತದೆ ಅನ್ನುವ ಅಳತೆ) ಸುಮಾರು 1.15. ಎರಡೂ ತಂಡ ತಲಾ ಎನ್ ಪೊಸೆಷನ್ ಆಡಿದರೆ, 100 ಪೊಸೆಷನ್‌ನ ಅಂತರದಲ್ಲಿ ಬರುವ ದೋಷ = 115 × √(2/ಎನ್). 525ಕ್ಕೆ ಇದು 7, 225ಕ್ಕೆ 11. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 13. ಅಂದರೆ ನಿಮ್ಮ 12ರ ಪಕ್ಕ ±13 ಅಂತ ಬರೆಯಬೇಕು. ಗಾರ್ಡ್ ಒಳ್ಳೆಯವನಿರಬಹುದು, ಆದರೆ ವಾದ ಗೆಲ್ಲುವಷ್ಟು ಬಲ ಈ ಸಂಖ್ಯೆಗಿಲ್ಲ.

11 ನಿಮಿಷದ ಲೈನಪ್ ಅಂದರೆ ಸುಮಾರು 20 ಪೊಸೆಷನ್, ದೋಷ 36. ಆ ಸಾಲನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಐವರ ಲೈನಪ್ ಪಟ್ಟಿಯ ತುದಿಗಳಲ್ಲಿ ಯಾವಾಗಲೂ ಕಡಿಮೆ ಆಡಿದವರೇ ಕೂತಿರುತ್ತಾರೆ, ಕೆಳಗಿನ ತುದಿಯಲ್ಲೂ ಅಷ್ಟೇ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಕೂಡ ಇಡೀ ಸೀಸನ್‌ನಲ್ಲಿ ಕೆಲವೇ ನೂರು ಪೊಸೆಷನ್ ದಾಟದ ಲೈನಪ್‌ಗಳೇ ಹೆಚ್ಚು.

ಅವನ ಜೊತೆ ಯಾರು ಆಡುತ್ತಾರೆ ಅನ್ನುವುದನ್ನು ಹೇಳಿ. ಅಸಲಿ ವಿಷಯ ಅಲ್ಲಿದೆ.

ಸ್ಕೋರ್‌ಶೀಟ್

ಹೆಚ್ಚಾಗಿ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ದೊಡ್ಡ ಆಳು) ಜೊತೆ. ಇಬ್ಬರೂ ಇದ್ದದ್ದು 230 ನಿಮಿಷ, +45. ಗಾರ್ಡ್ ಮಾತ್ರ: 50 ನಿಮಿಷ, −3. ಸೆಂಟರ್ ಮಾತ್ರ: 40 ನಿಮಿಷ, +4. ಇಬ್ಬರೂ ಇಲ್ಲದ್ದು: 80 ನಿಮಿಷ, −13.

ಬಾಕ್ಸೌಟ್

ಈ ನಾಲ್ಕು ಮನೆಗಳೇ ನೀವು ಮೊದಲು ನೋಡಬೇಕಾಗಿದ್ದ ಪಟ್ಟಿ. ಗಾರ್ಡ್‌ನ +42 ಪೂರ್ತಿಯಾಗಿ ಸೆಂಟರ್ ಜೊತೆಗಿನ ನಿಮಿಷಗಳಿಂದ ಬಂದಿದೆ. ಅದೇ ಲೆಕ್ಕದಲ್ಲಿ ಸೆಂಟರ್ ಇದ್ದಾಗ +49, ಇಲ್ಲದಾಗ −16. ಹಾಗಂತ ‘ಸೆಂಟರೇ ಎಲ್ಲ’ ಅನ್ನಲೂ ಆಗದು, ಏಕೆಂದರೆ 40 ನಿಮಿಷದ ಮನೆಯಲ್ಲಿರುವುದು 75 ಪೊಸೆಷನ್, ದೋಷ 19.

ಸಿಕ್ಕಿರುವ ದಾಖಲೆ ಈ ಇಬ್ಬರನ್ನು ಬೇರ್ಪಡಿಸುವಷ್ಟು ಇಲ್ಲ. ಕೋಚ್ ಒಪ್ಪಿದರೆ ಮುಂದಿನ ಪಂದ್ಯಗಳಲ್ಲಿ ಎರಡನೇ ಕ್ವಾರ್ಟರ್‌ನ ಮೊದಲ ಐದು ನಿಮಿಷ ಗಾರ್ಡ್ ಒಬ್ಬನನ್ನು, ಮೂರನೆಯದರ ಕೊನೆಯ ಐದು ನಿಮಿಷ ಸೆಂಟರ್ ಒಬ್ಬನನ್ನು ಆಡಿಸಿ. ಇಬ್ಬರಲ್ಲಿ ಒಬ್ಬರು ಸದಾ ಅಂಗಳದಲ್ಲಿರುವುದು ಆಟಕ್ಕೂ ಒಳ್ಳೆಯದು. ಆ −13 ಎಲ್ಲಿಂದ ಬಂತು ನೋಡಿ.

ಇನ್ನೊಂದು ಎಚ್ಚರಿಕೆ: ಆಫ್ ಸಂಖ್ಯೆ ಬದಲಿ ಆಟಗಾರನ ಮೇಲೂ ನಿಂತಿದೆ. 2022-23ರ ಡೆನ್ವರ್ ತಂಡದಲ್ಲಿ ನಿಕೋಲಾ ಯೋಕಿಚ್‌ನ ಆನ್-ಆಫ್ ವ್ಯತ್ಯಾಸ 100 ಪೊಸೆಷನ್‌ಗೆ 20 ದಾಟಿತ್ತು. ಅವನ ಆಟ ದೊಡ್ಡದು, ನಿಜ. ಆದರೆ ಅವನು ಕೂತಾಗ ಬರುತ್ತಿದ್ದ ಬೆಂಚ್ ದುರ್ಬಲವಾಗಿದ್ದದ್ದೂ ಆ ಅಂತರವನ್ನು ಹಿಗ್ಗಿಸಿತ್ತು.

ರಿಡ್ಜ್‌ರೇಖೆ

ನಾಲ್ಕು ಮನೆಯ ಪಟ್ಟಿ ಇಬ್ಬರಿಗೆ ಸಾಕು. ಹತ್ತು ಜನರನ್ನು ಒಟ್ಟಿಗೆ ಬಿಡಿಸಬೇಕಾದರೆ ರಿಗ್ರೆಷನ್ (ಒಟ್ಟು ಫಲಿತಾಂಶದಲ್ಲಿ ಪ್ರತಿಯೊಬ್ಬರ ಪಾಲನ್ನು ಅಂದಾಜಿಸುವ ಲೆಕ್ಕ) ಬೇಕು. ಯಾರೂ ಬದಲಾಗದ ಅವಧಿಗೆ ಸ್ಟಿಂಟ್ ಅನ್ನುತ್ತಾರೆ, ಪ್ರತಿ ಸ್ಟಿಂಟ್ ಒಂದು ಸಾಲು. ನಮ್ಮವರಿಗೆ +1, ಎದುರಾಳಿಗಳಿಗೆ −1, ಬೆಂಚಿನಲ್ಲಿದ್ದವರಿಗೆ 0. ಉತ್ತರದ ಕಾಲಂನಲ್ಲಿ 100 ಪೊಸೆಷನ್‌ನ ಅಂತರ, ತೂಕವಾಗಿ ಆ ಸ್ಟಿಂಟ್‌ನ ಪೊಸೆಷನ್. ಎದುರಾಳಿ ಆಟಗಾರರ ಹೆಸರು ಗೊತ್ತಿಲ್ಲದಿದ್ದರೆ ತಂಡಕ್ಕೊಂದು ಕಾಲಂ ಸಾಕು.

ಡ್ಯಾನ್ ರೋಸನ್‌ಬಾಮ್ 2004ರಲ್ಲಿ ಪ್ರಕಟಿಸಿದ ಹೊಂದಿಸಿದ ಪ್ಲಸ್-ಮೈನಸ್ ಈ ರೂಪದ್ದೇ. ಅದರ ತೊಂದರೆ ನಿಮ್ಮ ಗಾರ್ಡ್-ಸೆಂಟರ್ ಜೋಡಿಯದ್ದೇ: ಸದಾ ಒಟ್ಟಿಗೆ ಆಡುವವರ ಕಾಲಂಗಳು ಒಂದೇ ತರಹ ಇರುವುದರಿಂದ ಒಬ್ಬನಿಗೆ +30, ಇನ್ನೊಬ್ಬನಿಗೆ −22 ಅಂತ ಅಸಂಬದ್ಧ ಉತ್ತರ ಬರಬಹುದು. ಜೋ ಸಿಲ್ 2010ರಲ್ಲಿ ರಿಡ್ಜ್ ರಿಗ್ರೆಷನ್ ಬಳಸಿ ಇದನ್ನು ಹತೋಟಿಗೆ ತಂದರು. ಲ್ಯಾಂಬ್ಡಾ ಅನ್ನುವ ದಂಡ ಎಲ್ಲರನ್ನೂ ಸೊನ್ನೆಯ ಕಡೆಗೆ ಎಳೆಯುತ್ತದೆ, ಪುರಾವೆ ಇದ್ದವನು ಮಾತ್ರ ದೂರ ಹೋಗಲು ಸಾಧ್ಯ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ರಿಡ್ಜ್ ಸಿದ್ಧವಾಗಿದೆ. 250ರಿಂದ 4000ದವರೆಗೆ ಲ್ಯಾಂಬ್ಡಾ ಬದಲಿಸುತ್ತಾ ಹೋಗಿ, ಕೆಲವು ಪಂದ್ಯಗಳನ್ನು ಹೊರಗಿಟ್ಟು ಯಾವುದು ಅವನ್ನು ಚೆನ್ನಾಗಿ ಊಹಿಸುತ್ತದೆ ಅಂತ ನೋಡಿ. ಹೊರಗಿಡುವಾಗ ಇಡೀ ಪಂದ್ಯವನ್ನೇ ಇಡಿ, ಬಿಡಿ ಸ್ಟಿಂಟ್‌ಗಳನ್ನಲ್ಲ. 10 ಪಂದ್ಯಕ್ಕೆ ಉತ್ತರ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಅದು ದೋಷವಲ್ಲ, ಇರುವ ಪುರಾವೆಯ ಅಳತೆಯೇ ಅಷ್ಟು.

ಟೇಬಲ್_ಅಫಿಶಿಯಲ್

ಲೆಕ್ಕ ಕೆಡುವುದು ಹೆಚ್ಚಾಗಿ ಬರೆಯುವ ಹಂತದಲ್ಲಿ. ಫೌಲ್ ಆಗಿ, ಬದಲಾವಣೆ ನಡೆದು, ಆಮೇಲೆ ಫ್ರೀ ಥ್ರೋ ಬಿದ್ದರೆ ಆ ಅಂಕವನ್ನು ಫೌಲ್ ಆದಾಗ ಅಂಗಳದಲ್ಲಿದ್ದ ಐವರಿಗೇ ಬರೆಯಿರಿ. ಹೊಸದಾಗಿ ಬಂದವನು ಆ ಫೌಲ್ ಮಾಡಿಸಿಲ್ಲ. ಪ್ರತಿ ಕ್ವಾರ್ಟರ್ ಶುರುವಾದಾಗ ಐದು ನಂಬರ್‌ಗಳನ್ನು ಹೊಸದಾಗಿ ಬರೆಯಿರಿ, ವಿರಾಮದಲ್ಲಿ ಆದ ಬದಲಾವಣೆ ತಪ್ಪಿಹೋಗುವುದು ಅಲ್ಲೇ. ಕೊನೆಯಲ್ಲಿ ಎಲ್ಲ ಆಟಗಾರರ ಪ್ಲಸ್-ಮೈನಸ್ ಕೂಡಿಸಿ: ಮೊತ್ತ ಪಂದ್ಯದ ಅಂತರದ ಐದು ಪಟ್ಟು ಬರಲೇಬೇಕು. 6 ಅಂಕದಿಂದ ಗೆದ್ದರೆ 30. ಬರದಿದ್ದರೆ ಎಲ್ಲೋ ನಾಲ್ಕೋ ಆರೋ ಜನ ಆಡಿದಂತೆ ದಾಖಲಾಗಿದೆ.

ಫಲಿತಾಂಶ ತೀರ್ಮಾನವಾದ ಮೇಲಿನ ನಿಮಿಷಗಳಿಗೆ ಬೇರೆ ಗುರುತು ಹಾಕಿ. 25 ಅಂಕದ ಮುನ್ನಡೆಯಲ್ಲಿ ಬಂದ ಬದಲಿ ಆಟಗಾರನ −8 ಏನನ್ನೂ ಹೇಳುವುದಿಲ್ಲ.

ಎದುರಾಳಿಗಳ ಮೂರಂಕದ ಹೊಡೆತವನ್ನೂ ಬೇರೆ ನೋಡಬೇಕು. ಒಬ್ಬ ಅಂಗಳದಲ್ಲಿದ್ದಾಗ ಅವರು 40ರಲ್ಲಿ 18 ಹಾಕಿದ್ದಾರೆ, ಅವರ ಸಾಮಾನ್ಯ ಮಟ್ಟ 35% ಅಂದರೆ 14 ಅಂತಿಟ್ಟುಕೊಳ್ಳಿ. ಆ ನಾಲ್ಕು ಬುಟ್ಟಿ 12 ಅಂಕ. ಯತ್ನಗಳ ಸಂಖ್ಯೆ ರಕ್ಷಣೆಯ ಕೈಯಲ್ಲಿದೆ, ಬೀಳುವ ಪ್ರಮಾಣ ಬಹುಪಾಲು ಇಲ್ಲ. ಎದುರಾಳಿಯ ಫ್ರೀ ಥ್ರೋ ಶೇಕಡಾವಾರು ಅಂತೂ ಇಲ್ಲವೇ ಇಲ್ಲ.

ಬಾಕ್ಸೌಟ್

ಆಯ್ಕೆಯ ವಾದಕ್ಕೆ ಒಂದು ಮಾತು ಸೇರಿಸುತ್ತೇನೆ. ಯಾರ ಬೆಲೆ ಎಷ್ಟು ಅನ್ನುವುದೂ ಈ ಎದುರಾಳಿಗೆ ಯಾವ ಐವರು ಅನ್ನುವುದೂ ಬೇರೆ ಬೇರೆ ಪ್ರಶ್ನೆ. 2015ರ ಎನ್‌ಬಿಎ ಫೈನಲ್ಸ್‌ನಲ್ಲಿ ಗೋಲ್ಡನ್ ಸ್ಟೇಟ್ 1-2ರಿಂದ ಹಿಂದಿದ್ದಾಗ ನಾಲ್ಕನೇ ಪಂದ್ಯಕ್ಕೆ ಸೆಂಟರ್ ಆಂಡ್ರ್ಯೂ ಬೋಗಟ್ ಬದಲು ಆಂಡ್ರೆ ಇಗ್ವಡಾಲನನ್ನು ಮೊದಲ ಐವರಲ್ಲಿ ಇಳಿಸಿತು. ಆ ಸೀಸನ್‌ನಲ್ಲಿ ಅವನು ಅದುವರೆಗೆ ಒಂದು ಪಂದ್ಯದಲ್ಲೂ ಮೊದಲ ಐವರಲ್ಲಿ ಇರಲಿಲ್ಲ. 103-82ರಿಂದ ಗೆದ್ದರು, ಸರಣಿ 4-2. ಬೋಗಟ್ ಆ ವರ್ಷ ಕೆಟ್ಟ ಆಟಗಾರನೇನೂ ಆಗಿರಲಿಲ್ಲ. ಕ್ಲೀವ್‌ಲ್ಯಾಂಡ್ ಎದುರು ಬೇಕಾಗಿದ್ದದ್ದು ವೇಗ ಮತ್ತು ಅಂಗಳದಲ್ಲಿ ಹರಡಿ ನಿಂತು ಜಾಗ ಬಿಡಿಸುವ ಐವರು.

ನಿಮ್ಮ ಸೆಂಟರ್ ಇಲ್ಲದ ನಿಮಿಷಗಳನ್ನು ಎದುರಾಳಿವಾರು ಬಿಡಿಸಿ ನೋಡಿ. ದೊಡ್ಡ ಆಳುಗಳಿರುವ ಎರಡು ಮೂರು ತಂಡಗಳ ಎದುರೇ ಆ −16 ಬಂದಿದ್ದರೆ ಗಾರ್ಡ್ ಬಗ್ಗೆ ವಾದ ಮಾಡುವ ಬದಲು ಎರಡನೇ ಸೆಂಟರ್ ಹುಡುಕಬೇಕು.