ಕನ್ನಡದ ಅರೇ ಮೈಎಸ್‌ಕ್ಯೂಎಲ್‌ನಿಂದ ‘ಯು0ಸಿ97’ ಎಂದು ಮರಳುತ್ತಿದೆ, ಇಂಗ್ಲಿಷ್ ಸರಿಯಿದೆ

ಹುಲಕೋಟಿ_ಕ್ರಾಸ್:
ಹವ್ಯಾಸಕ್ಕಾಗಿ ಬಸ್ ಮಾರ್ಗಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಪ್ರತಿ ಮಾರ್ಗದ ನಿಲ್ದಾಣಗಳು ಪಿಎಚ್‌ಪಿ ಪ್ರೋಗ್ರಾಂ ಭಾಷೆಯಲ್ಲಿ ಒಂದು ಅರೇ, ಅಂದರೆ ಪಟ್ಟಿ; ಅದನ್ನು ಜೇಸನ್ ಎಂಬ ಪಠ್ಯರೂಪಕ್ಕೆ ಎನ್‌ಕೋಡ್ ಮಾಡಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಟೇಬಲ್‌ನ ಒಂದೇ ಕಾಲಂನಲ್ಲಿ ಇಡುತ್ತೇನೆ, ಓದುವಾಗ ಡಿಕೋಡ್ ಮಾಡುತ್ತೇನೆ. ಇಂಗ್ಲಿಷ್‌ನಲ್ಲಿ ಬರೆದ ನಿಲ್ದಾಣಗಳು ಇಟ್ಟಂತೆಯೇ ಮರಳುತ್ತವೆ. ಕನ್ನಡದಲ್ಲಿ ‘ಗದಗ’ ಎಂದು ಇಟ್ಟರೆ ‘ಯು0ಸಿ97ಯು0ಸಿಎ6ಯು0ಸಿ97’ ಎಂಬುದು ರೋಮನ್ ಅಕ್ಷರಗಳಲ್ಲಿ ಮರಳುತ್ತದೆ. ದೋಷದ ಸಂದೇಶವೇ ಇಲ್ಲ, ಲಾಗ್ ಖಾಲಿ. ಎನ್‌ಕೋಡ್, ಇನ್ಸರ್ಟ್, ಸೆಲೆಕ್ಟ್, ಡಿಕೋಡ್ ಎಲ್ಲವೂ ಸರಿಯಾಗಿಯೇ ಇವೆ. ಇಷ್ಟು ಸರಳವಾದ ಕೆಲಸ ಏಕೆ ಆಗುತ್ತಿಲ್ಲವೆಂದು ತಿಳಿಯದೆ ಬೇಸತ್ತಿದ್ದೇನೆ.

ಹಳೇ_ಸರ್ವರ್:
ಇದು ಕ್ಯಾರೆಕ್ಟರ್ ಸೆಟ್‌ನ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮದ ತೊಂದರೆ, ಅನುಮಾನವೇ ಬೇಡ. ಟೇಬಲ್ಲನ್ನು ಅಕ್ಷರಕ್ಕೆ ನಾಲ್ಕು ಬೈಟ್‌ವರೆಗೆ ಕೊಡುವ ಯುಟಿಎಫ್8ಎಂಬಿ4ಗೆ ಬದಲಿಸಿ.

ಹುಲಕೋಟಿ_ಕ್ರಾಸ್:
ಬದಲಿಸಿದೆ ಸರ್. ಏನೂ ವ್ಯತ್ಯಾಸವಾಗಲಿಲ್ಲ.

ಹಳೇ_ಸರ್ವರ್:
ಟೇಬಲ್ ಬದಲಿಸಿದರೆ ಸಾಲದು. ಕಾಲಂ, ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ), ಕನೆಕ್ಷನ್ ಇವೆಲ್ಲವೂ ಎಂಬಿ4 ಆಗಿರಬೇಕು. ಇಡೀ ಡೇಟಾಬೇಸಿನ ಡಂಪ್, ಅಂದರೆ ಪೂರ್ತಿ ನಕಲು, ತೆಗೆದು ಹೊಸದಾಗಿ ತುಂಬಿಸಿ ನೋಡಿ.

ಅಡಿಗೆರೆ:
ಡಂಪ್ ತೆಗೆಯುವ ಮೊದಲು ಸ್ವಲ್ಪ ಯೋಚಿಸೋಣ. ಯೂನಿಕೋಡ್‌ನಲ್ಲಿ ಕನ್ನಡದ ವಿಭಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಇದೆ. ಒಂದೊಂದು ಸಂಕೇತಕ್ಕೂ ಯುಟಿಎಫ್8ರಲ್ಲಿ 3 ಬೈಟ್ ಬೇಕು, ಮತ್ತು ಮೈಎಸ್‌ಕ್ಯೂಎಲ್‌ನ ಹಳೆಯ ಮೂರು ಬೈಟ್‌ಗಳ ಯುಟಿಎಫ್8 ಅಷ್ಟನ್ನು ಹಿಡಿಯಬಲ್ಲದು. ಕ್ಯಾರೆಕ್ಟರ್ ಸೆಟ್ ಕೆಟ್ಟಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳೋ ಒತ್ತು ಗುರುತಿನ ಲ್ಯಾಟಿನ್ ಅಕ್ಷರಗಳೋ ಕಾಣಬೇಕಿತ್ತು. ಇವರಿಗೆ ಕಾಣುತ್ತಿರುವುದು ಶುದ್ಧ ಆಸ್ಕಿ, ಅಂದರೆ ಬರೀ ಇಂಗ್ಲಿಷ್ ಅಕ್ಷರ, ಅಂಕಿಗಳು. ಇಂಥ ಕಡೆ ಸಾಮಾನ್ಯವಾಗಿ ಬಳಸುವ ಯಾವ ಕ್ಯಾರೆಕ್ಟರ್ ಸೆಟ್ಟೂ ಅದನ್ನು ಕೆಡಿಸುವುದಿಲ್ಲ. ದಯವಿಟ್ಟು ಇನ್ಸರ್ಟ್ ಮಾಡುವ ಸಾಲನ್ನು ಇದ್ದಂತೆಯೇ ಇಲ್ಲಿ ಹಾಕಿ.

ಹಳೇ_ಸರ್ವರ್:
ನಾಳೆ ಯಾರಾದರೂ ಎಮೋಜಿ ಸೇರಿಸಿದರೆ 4 ಬೈಟ್ ಬೇಕಾಗುತ್ತದೆ. ಆಗ ನನ್ನ ಮಾತು ನೆನಪಾಗುತ್ತದೆ.

ಕೋಷ್ಟಕ:
ಅರೇಯನ್ನು ಒಂದೇ ಕಾಲಂನಲ್ಲಿ ತುರುಕುವುದೇ ಮೂಲ ತೊಂದರೆ. ಮಾರ್ಗದ ಸಂಖ್ಯೆ, ನಿಲ್ದಾಣದ ಸಂಖ್ಯೆ, ಅನುಕ್ರಮ ಎಂಬ ಮೂರು ಕಾಲಂಗಳ ಪ್ರತ್ಯೇಕ ಟೇಬಲ್ ಮಾಡಿ. ‘ಅಣ್ಣಿಗೇರಿಯಲ್ಲಿ ನಿಲ್ಲುವ ಮಾರ್ಗಗಳು ಯಾವುವು’ ಎಂಬ ಪ್ರಶ್ನೆ ಬಂದ ದಿನ ಈಗಿನ ವಿನ್ಯಾಸವು ಪ್ರತಿ ಸಾಲನ್ನೂ ತಡಕಾಡಬೇಕಾಗುತ್ತದೆ. ಅನುಕ್ರಮದ ಕಾಲಂ ಮರೆಯಬೇಡಿ. ಅದಿಲ್ಲದೆ ಗದಗದ ನಂತರ ಹುಬ್ಬಳ್ಳಿ ಬಂದು ಆಮೇಲೆ ಹುಲಕೋಟಿ ಬಂದೀತು.

ಆನೆಬಾಲ:
ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಟೆಕ್ಸ್ಟ್ ಅರೇ ಎಂಬ ಪ್ರಕಾರವೇ ಇದೆ, ಅದಕ್ಕೆ ಜಿನ್ ಇಂಡೆಕ್ಸ್ (ಬೇಗ ಹುಡುಕಲು ಅಂಶಗಳ ಸೂಚಿ) ಕೊಟ್ಟರೆ ಅಣ್ಣಿಗೇರಿಯನ್ನು ತಡಕಾಡಬೇಕಿಲ್ಲ. ನನ್ನ ಮನೆಯ ಸರ್ವರ್‌ನಲ್ಲಿ ಎರಡು ಎಸ್‌ಎಸ್‌ಡಿಗಳು ಪರಸ್ಪರ ಪ್ರತಿಯಾಗಿ ಓಡುತ್ತಿವೆ, ಪ್ರತಿ ರಾತ್ರಿ ಬ್ಯಾಕಪ್ ತಾನಾಗಿಯೇ ಆಗುತ್ತದೆ. ಅಂದಹಾಗೆ, ಕುತೂಹಲಕ್ಕಾಗಿ ಕನ್ನಡದ ಜೇಸನ್ ಸ್ಟ್ರಿಂಗ್ ಅನ್ನು ನೇರವಾಗಿ ಕ್ವೆರಿಯೊಳಗೆ ಜೋಡಿಸಿ ಪೋಸ್ಟ್‌ಗ್ರೆಸ್‌ಗೆ ಕಳಿಸಿದೆ. ‘ಗದಗ’ ಎಂದೇ ಮರಳಿತು.

ಕೋಷ್ಟಕ:
ಕೇಳಿದ್ದು ಮೈಎಸ್‌ಕ್ಯೂಎಲ್ ಬಗ್ಗೆ. ಅದರಲ್ಲೂ 5.7.8ರಿಂದ ಜೇಸನ್ ಪ್ರಕಾರವಿದೆ, 8.0.17ರಿಂದ ಜೇಸನ್ ಅರೇಯ ಅಂಶಗಳಿಗೆ ಇಂಡೆಕ್ಸ್ ಕೂಡ ಇದೆ. ಆದರೂ ನಾನು ಪ್ರತ್ಯೇಕ ಟೇಬಲ್ಲನ್ನೇ ಹೇಳುತ್ತೇನೆ.

ಅಡಿಗೆರೆ:
ಆನೆಬಾಲ ಅವರೇ, ಎಸ್‌ಎಸ್‌ಡಿಯ ಮಾತು ಬಿಟ್ಟರೆ ನಿಮ್ಮ ಪ್ರಯೋಗದಲ್ಲಿಯೇ ಉತ್ತರವಿದೆ. ಹುಲಕೋಟಿ ಅವರೇ, ಆ ಇನ್ಸರ್ಟ್ ಸಾಲು?

ಹುಲಕೋಟಿ_ಕ್ರಾಸ್:
ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ತಲುಪುವ ಸೌಲಭ್ಯ) ಬಳಸಿ ಪ್ರಿಪೇರ್ ಮಾಡಿಯೇ ಎಕ್ಸಿಕ್ಯೂಟ್ ಮಾಡುತ್ತಿರುವುದರಿಂದ ಆ ಭಾಗದಲ್ಲಿ ಏನೂ ಇರಲಾರದೆಂದು ಬರೆದಿರಲಿಲ್ಲ. ಇನ್ಸರ್ಟ್ ಹೇಳಿಕೆಯ ವ್ಯಾಲ್ಯೂಸ್ ಭಾಗದಲ್ಲಿ ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಜೇಸನ್ ವೇರಿಯಬಲ್ ಇದೆ, ಅಷ್ಟೆ.

ಅಡಿಗೆರೆ:
ಹಾಗಾದರೆ ಪ್ರಿಪೇರ್ ಕರೆದರೂ ಅದಕ್ಕೆ ಸಿಗುತ್ತಿರುವುದು ಆಗಲೇ ಜೋಡಿಸಿ ಮುಗಿಸಿದ ಸ್ಟ್ರಿಂಗ್. ಪ್ಲೇಸ್‌ಹೋಲ್ಡರ್, ಅಂದರೆ ಮೌಲ್ಯ ಆಮೇಲೆ ಬಂದು ಕೂರುವ ಜಾಗದ ಗುರುತು, ಇಲ್ಲದ ಪ್ರಿಪೇರ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಪಿಎಚ್‌ಪಿಯ ಜೇಸನ್ ಎನ್‌ಕೋಡ್, ಬೇರೆ ಸೂಚನೆ ಕೊಡದಿದ್ದರೆ, ಆಸ್ಕಿಯಲ್ಲದ ಪ್ರತಿ ಸಂಕೇತವನ್ನೂ ಬ್ಯಾಕ್‌ಸ್ಲ್ಯಾಶ್ (\), ಯು, ನಾಲ್ಕು ಹೆಕ್ಸ್ ಅಂಕಿಗಳು (0ರಿಂದ 9, ಎಯಿಂದ ಎಫ್) ಎಂದು ಬರೆಯುತ್ತದೆ. ಆ ಸ್ಟ್ರಿಂಗ್ ಕ್ವೆರಿಯೊಳಗೆ ಕುಳಿತಾಗ ಮೈಎಸ್‌ಕ್ಯೂಎಲ್ ಬ್ಯಾಕ್‌ಸ್ಲ್ಯಾಶನ್ನು ಮುಂದಿನ ಅಕ್ಷರಕ್ಕೆ ಬೇರೆ ಅರ್ಥ ಕೊಡುವ ತನ್ನದೇ ಎಸ್ಕೇಪ್ ಚಿಹ್ನೆಯೆಂದು ಓದುತ್ತದೆ, ಮುಂದಿರುವ ಯು ತನಗೆ ಗೊತ್ತಿರುವ ಎಸ್ಕೇಪ್ ಅಲ್ಲವಾದ್ದರಿಂದ ಬ್ಯಾಕ್‌ಸ್ಲ್ಯಾಶನ್ನು ಸದ್ದಿಲ್ಲದೆ ಕೈಬಿಟ್ಟು ಯು ಮಾತ್ರ ಉಳಿಸುತ್ತದೆ. ಉಳಿದದ್ದೂ ನಿಯಮಬದ್ಧ ಜೇಸನ್ನೇ ಆದ್ದರಿಂದ ಡಿಕೋಡ್ ತಕರಾರು ಮಾಡುವುದಿಲ್ಲ. ಜೇಸನ್ ಪ್ರಕಾರದ ಕಾಲಂ ಇದ್ದಿದ್ದರೂ ಇದೇ ಆಗುತ್ತಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ 9.1ರಿಂದ ಸಾಮಾನ್ಯ ಸ್ಟ್ರಿಂಗ್‌ನೊಳಗಿನ ಬ್ಯಾಕ್‌ಸ್ಲ್ಯಾಶ್‌ಗೆ ಡೀಫಾಲ್ಟ್ ಆಗಿ ವಿಶೇಷ ಅರ್ಥವಿಲ್ಲ, ಆದ್ದರಿಂದ ಆನೆಬಾಲ ಅವರಿಗೆ ‘ಗದಗ’ ಸಿಕ್ಕಿತು.

ವ್ಯಾಲ್ಯೂಸ್‌ನಲ್ಲಿ ವೇರಿಯಬಲ್ಲನ್ನು ಅದರ ಉದ್ಧರಣ ಚಿಹ್ನೆಗಳ ಸಮೇತ ತೆಗೆದು ಬರೀ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಜೇಸನ್ ಸ್ಟ್ರಿಂಗ್ ಅನ್ನು ಎಕ್ಸಿಕ್ಯೂಟ್‌ಗೆ ಕೊಡಿ. ಜೊತೆಗೆ ಎನ್‌ಕೋಡ್‌ಗೆ ‘ಅನ್‌ಎಸ್ಕೇಪ್ಡ್ ಯೂನಿಕೋಡ್’ ಫ್ಲ್ಯಾಗ್ ಕೊಟ್ಟರೆ ಕಾಲಂನಲ್ಲಿ ಕನ್ನಡವೇ ಕಾಣುತ್ತದೆ, ‘ಗದಗ’ ಎಂಬುದಕ್ಕೆ 18 ಬೈಟ್ ಬದಲು 9 ಸಾಕಾಗುತ್ತದೆ. ಆದರೆ ಫ್ಲ್ಯಾಗ್ ಒಂದನ್ನೇ ಹಾಕಿ ಕೈತೊಳೆದುಕೊಳ್ಳಬೇಡಿ. ಹೆಸರಿನಲ್ಲಿ ಜೋಡಿ ಉದ್ಧರಣ ಚಿಹ್ನೆ ಬಂದರೆ ಅದರ ಬ್ಯಾಕ್‌ಸ್ಲ್ಯಾಶೂ ಹೋಗಿ ಜೇಸನ್ ಮುರಿಯುತ್ತದೆ.

ಹುಲಕೋಟಿ_ಕ್ರಾಸ್:
ಹೊಸ ಸಾಲುಗಳು ಸರಿಯಾಗಿ ಬರುತ್ತಿವೆ, ಧನ್ಯವಾದ. ಕೆಟ್ಟಿರುವ ಹಳೆಯ ಸಾಲುಗಳನ್ನು ಮತ್ತೆ ಟೈಪ್ ಮಾಡಬೇಕೇ?

ಅಡಿಗೆರೆ:
ಬೇಕಿಲ್ಲ. ಬ್ಯಾಕಪ್ ತೆಗೆದುಕೊಂಡು ಪಿಎಚ್‌ಪಿಯಲ್ಲಿ ಪ್ರತಿ ಸಾಲನ್ನೂ ಓದಿ. ಯು ಮತ್ತು 0ಸಿ ನಂತರ 8ರಿಂದ ಎಫ್‌ವರೆಗಿನ ಒಂದು ಹೆಕ್ಸ್ ಅಂಕಿ, ಆಮೇಲೆ ಯಾವುದಾದರೂ ಒಂದು ಹೆಕ್ಸ್ ಅಂಕಿ ಇರುವ ಕಡೆಯೆಲ್ಲ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ (ಅಕ್ಷರಗಳ ಮಾದರಿಯನ್ನು ಹುಡುಕುವ ಸೂತ್ರ) ಯು ಅಕ್ಷರಕ್ಕೆ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಸೇರಿಸಿ. 200ಸಿ, 200ಡಿ ಎಂಬ ಕಾಣದ ಜೋಡಕಗಳನ್ನೂ ಸೇರಿಸಿಕೊಳ್ಳಿ, ಇಲ್ಲವಾದರೆ ಕೆಲವು ಒತ್ತಕ್ಷರಗಳ ನಡುವೆ ಕಸ ಉಳಿಯುತ್ತದೆ. ನಂತರ ಡಿಕೋಡ್ ಮಾಡಿ, ಫಲಿತಾಂಶ ನಲ್ (ಡಿಕೋಡ್ ಆಗಲಿಲ್ಲವೆಂಬ ಖಾಲಿ ಮೌಲ್ಯ) ಅಲ್ಲದಿದ್ದರೆ ಮಾತ್ರ ಹೊಸ ಫ್ಲ್ಯಾಗ್‌ನೊಂದಿಗೆ ಎನ್‌ಕೋಡ್ ಮಾಡಿ ಪ್ಲೇಸ್‌ಹೋಲ್ಡರ್ ಮೂಲಕ ಬರೆಯಿರಿ.

ಹಳೇ_ಸರ್ವರ್:
ಹೇಗೂ ಎಲ್ಲ ಸಾಲುಗಳನ್ನೂ ಮುಟ್ಟುತ್ತಿದ್ದೀರಿ, ಕೊಲೇಶನ್ ಕೂಡ ಒಮ್ಮೆ ನೋಡಿಬಿಡಿ.

ಹುಲಕೋಟಿ_ಕ್ರಾಸ್:
ಒಂದೇ ಸಾಲು ನಲ್ ಎಂದು ಉಳಿದಿದೆ, ಅದರ ಒಂದು ನಿಲ್ದಾಣದ ಹೆಸರಿನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ‘ಹೊಸ’ ಎಂದಿತ್ತು. ಅದನ್ನು ಕೈಯಿಂದಲೇ ತಿದ್ದುತ್ತೇನೆ. ಕೋಷ್ಟಕ ಅವರೇ, ಒಂದೇ ಬಸ್ಸು ಒಂದೇ ನಿಲ್ದಾಣವನ್ನು ಎರಡು ಸಲ ಹಾದುಹೋದರೆ ನಿಮ್ಮ ಟೇಬಲ್‌ನ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಪ್ರತ್ಯೇಕವಾಗಿ ಗುರುತಿಸುವ ಕೀಲಿ, ಯಾವುದು?

ಕೋಷ್ಟಕ:
ಮಾರ್ಗದ ಸಂಖ್ಯೆ ಮತ್ತು ಅನುಕ್ರಮ. ನಿಲ್ದಾಣದ ಸಂಖ್ಯೆಯನ್ನು ಕೀಲಿಯೊಳಗೆ ಸೇರಿಸಬೇಡಿ. ಅದಕ್ಕೆ ಬೇರೆ ಇಂಡೆಕ್ಸ್ ಕೊಡಿ.