ಬಚ್ಚಲೊಲೆಯಲ್ಲಿ ಹಸಿರು ಬೆಂಕಿ, ಕಾರಣವೇನು?

ಅಡಿಕೆ ತೋಟದಿಂದ, ಶಿರಸಿ

ಕೊಳೆರೋಗದ ಔಷಧಿಗೆ ಮೈಲುತುತ್ತ ಕದಡುತ್ತಿದ್ದ ಕೋಲು ಈ ಮಳೆಗಾಲದಲ್ಲಿ ಮುರಿಯಿತು. ನಾಲ್ಕು ವರ್ಷ ದುಡಿದ ಕೋಲು. ತುದಿಯ ಒಂದು ಗೇಣು ನೀಲಿಗಟ್ಟಿತ್ತು. ಯೋಚಿಸದೆ ಬಚ್ಚಲೊಲೆಗೆ ತುರುಕಿದೆ. ಮೊದಲು ಎಂದಿನ ಉರಿಯೇ ಇತ್ತು. ನೀಲಿ ತುದಿಗೆ ಬೆಂಕಿ ಹತ್ತಿದ್ದೇ ತಡ, ಗಿಳಿಯ ರೆಕ್ಕೆಯಂಥ ಹಸಿರು, ಅಂಚಿನಲ್ಲಿ ತುಸು ನೀಲಿ. ಹಂಡೆಯ ಮಸಿ ಕೂಡ ಹಸಿರಾಗಿ ಹೊಳೆಯಿತು. ಐದನೆಯ ತರಗತಿಯ ಮಗಳು, “ಗಂಜಿ ಉಕ್ಕಿದಾಗ ಗ್ಯಾಸ್ ಒಲೆಯ ನೀಲಿ ಬೆಂಕಿ ಹಳದಿಯಾಗುತ್ತದಲ್ಲ, ಅದೂ ಇದೂ ಒಂದೆಯೇ?” ಎಂದು ಕೇಳಿದಳು. ಅವಳಿಗೆ ಹಾರಿಕೆಯ ಉತ್ತರ ಕೊಡಲು ಮನಸ್ಸಿಲ್ಲ. ತಿಳಿದವರು ಬಿಡಿಸಿ ಹೇಳಿ.

ನಿವೃತ್ತ ವಿಜ್ಞಾನ ಶಿಕ್ಷಕ, ಕುಮಟಾ

ಮಗಳ ಊಹೆ ಸರಿಯಾಗಿದೆ. ಕಾರಣ ಒಂದೇ, ಧಾತು ಬೇರೆ. ಗಂಜಿಯ ಉಪ್ಪಿನಲ್ಲಿರುವುದು ಸೋಡಿಯಂ, ನಿಮ್ಮ ಕೋಲಿನಲ್ಲಿದ್ದುದು ತಾಮ್ರ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್.

ಬೆಂಕಿಯ ಕಾವಿಗೆ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರಿ, ಕೂಡಲೇ ಇಳಿಯುತ್ತದೆ. ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕು. ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದಲ್ಲಿ ಎಲ್ಲಿ ಬೇಕಾದರೂ ನಿಲ್ಲಬಲ್ಲ. ಎಲೆಕ್ಟ್ರಾನಿಗೆ ಆ ಅನುಕೂಲವಿಲ್ಲ. ಅದಕ್ಕೆ ನಿಗದಿಯಾದ ಎತ್ತರಗಳಿವೆ, ಆ ಎತ್ತರಗಳ ಅಂತರ ಒಂದೊಂದು ಧಾತುವಿಗೆ ಒಂದೊಂದು ಬಗೆ. ಇಳಿತ ದೊಡ್ಡದಾದರೆ ಬೆಳಕು ನೇರಳೆಯತ್ತ, ಚಿಕ್ಕದಾದರೆ ಕೆಂಪಿನತ್ತ. ಪಟ್ಟಕದಲ್ಲಿ ಬಣ್ಣಗಳನ್ನು ಬಿಡಿಸಿ ನೋಡಿದರೆ, ಸೋಡಿಯಂನ ಹಳದಿ 589.0 ಮತ್ತು 589.6 ನ್ಯಾನೋಮೀಟರ್ ತರಂಗಾಂತರದ ಎರಡು ಗೆರೆಗಳು. ಉಪ್ಪು ಸಾಣಿಕಟ್ಟೆಯದಾಗಲಿ, ಗುಜರಾತಿನದಾಗಲಿ, ಈ ಗೆರೆಗಳು ಕದಲುವುದಿಲ್ಲ. ಈ ನಂಬಿಕೆಯ ಮೇಲೆಯೇ ಜರ್ಮನಿಯ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಚಾಫ್ 1860ರಲ್ಲಿ ಒಂದು ಊಟೆಯ ನೀರಿನಲ್ಲಿ ಯಾರೂ ಕಾಣದ ಎರಡು ನೀಲಿ ಗೆರೆಗಳನ್ನು ಕಂಡು, ಹೊಸ ಧಾತು ಇದೆಯೆಂದು ಸಾರಿದರು. ಅದೇ ಸೀಸಿಯಂ.

ತಾಮ್ರದ ಹಸಿರಿನ ಕಥೆ ಇನ್ನೂ ಸೊಗಸು. ಅಲ್ಲಿ ಬೆಳಗುವುದು ಹೆಚ್ಚಾಗಿ ಒಂಟಿ ಪರಮಾಣುವಲ್ಲ, ಜ್ವಾಲೆಯೊಳಗೆ ತಾಮ್ರವು ಆಮ್ಲಜನಕ, ಜಲಜನಕಗಳೊಂದಿಗೆ ಕೂಡಿ ಆಗುವ ಅಣುಗಳು. ಕ್ಲೋರಿನ್ ಸಿಕ್ಕರೆ ಅದೇ ತಾಮ್ರ ನೀಲಿಯಾಗುತ್ತದೆ.

ಸೌದೆಯ ಎಂದಿನ ಹಳದಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಬಹುಪಾಲು ಕಾದು ಕೆಂಡವಾದ ಮಸಿಯ ಕಣಗಳ ಹೊಳಪು.

ತರಗತಿಯಲ್ಲಿ ಪೊಟ್ಯಾಸಿಯಂನ ತಿಳಿನೇರಳೆ ತೋರಿಸಲು ನಾನು ಪಟ್ಟ ಪಾಡು ಇನ್ನೂ ನೆನಪಿದೆ. ಕುಮಟೆಯ ಸೆಕೆಗೆ ಬೆವರಿದ ಬೆರಳು, ಲವಣ ಅದ್ದಿ ಜ್ವಾಲೆಗೆ ಹಿಡಿಯುವ ತಂತಿಗೆ ತಾಗಿದರೆ ಸಾಕು, ಸೋಡಿಯಂ ಹಳದಿ ಎಲ್ಲವನ್ನೂ ನುಂಗಿಬಿಡುತ್ತಿತ್ತು. ಕೊನೆಗೆ ಕೋಬಾಲ್ಟಿನ ನೀಲಿ ಗಾಜು ಹಿಡಿದು ಹಳದಿಯನ್ನು ತಡೆದ ಮೇಲೆ ಮಕ್ಕಳಿಗೆ ನೇರಳೆ ಕಂಡಿತು.

ಬೈತಖೋಲದವನು, ಕಾರವಾರ

ನಾವು ಹಳೆಯ ದೋಣಿಯ ಹಲಗೆಗೆ ಬೆಂಕಿ ಕೊಟ್ಟಾಗ ನವಿಲುಬಣ್ಣದ ಜ್ವಾಲೆ ನೋಡಿದ್ದೇನೆ. ಹಲಗೆಯಲ್ಲಿ ತಾಮ್ರದ ಮೊಳೆಗಳಿದ್ದವು, ಮರವೋ ಉಪ್ಪು ಕುಡಿದದ್ದು. ನೀಲಿ ಎಲ್ಲಿಂದ ಬಂತೆಂದು ಮಾಸ್ತರರ ಮಾತಿನಿಂದ ಈಗ ತಿಳಿಯಿತು.

ನಿವೃತ್ತ ವಿಜ್ಞಾನ ಶಿಕ್ಷಕ, ಕುಮಟಾ

ಹೌದು, ಕ್ಲೋರಿನ್ ಕಡಲಿನ ಉಪ್ಪಿನದು. ಆದರೆ ಇಬ್ಬರಿಗೂ ಒಂದು ಮಾತು: ಅಂಥ ಮರವನ್ನು ಮನೆಯೊಳಗೆ ಸುಡಬೇಡಿ, ಹೊಗೆ ಒಳ್ಳೆಯದಲ್ಲ. ಆ ಬೂದಿಯಿಂದ ಪಾತ್ರೆ ತಿಕ್ಕುವುದೂ ಬೇಡ. ಮಗಳಿಗೆ ತೋರಿಸಲು ಉಪ್ಪುನೀರೇ ಸಾಕು.

ಅಡಿಕೆ ತೋಟದಿಂದ, ಶಿರಸಿ

ಕೋಲಿನ ಉಳಿದ ತುಂಡನ್ನು ಒಲೆಯ ಬಳಿಯಿಂದ ತೆಗೆದಿಟ್ಟೆ. ಸಂಜೆ ಉಪ್ಪುನೀರಿನಲ್ಲಿ ಅದ್ದಿದ ಸ್ಟೀಲ್ ಚಮಚವನ್ನು ಗ್ಯಾಸ್ ಉರಿಗೆ ಹಿಡಿದೆ. ನೀಲಿಯ ನಡುವೆ ಹಳದಿ ಭುಗಿಲೆಂದಿತು. ಚಮಚ ತೊಳೆದು, ಮಗಳು ಕೈಯಿಂದಲೇ ಒರೆಸಿಕೊಟ್ಟಳು. ಮತ್ತೆ ಹಿಡಿದಾಗಲೂ ಅಂಚಿನಲ್ಲಿ ಎಳೆಯಷ್ಟು ಹಳದಿ ಉಳಿದಿತ್ತು. ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.