ಮಗುಗೆ ಯಾವಾಗಲೂ ಹಸಿವು, ಜೀನ್ ಟೆಸ್ಟ್ ಮಾಡಿಸ್ಬೇಕಾ? ಸದಾಫ್ ಫಾರೂಖಿ ಅವರ ರಿಸರ್ಚ್ ಗೊತ್ತಿರೋರು ದಯವಿಟ್ಟು ಹೇಳಿ

ಮಗಳ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಆರು ವರ್ಷ. ಎರಡು ವರ್ಷ ಆದಾಗಿಂದಾನೇ ತೂಕ ಏರ್ತಾ ಬಂತು, ಈಗ ಓರಗೆ ಮಕ್ಕಳಿಗಿಂತ ತುಂಬಾನೇ ಜಾಸ್ತಿ ಇದೆ. ಊಟ ಮುಗಿಸಿ ಕೈ ತೊಳ್ಕೊಂಡು ಬಂದ ಹತ್ತೇ ನಿಮಿಷಕ್ಕೆ "ಅಮ್ಮಾ ಹಸಿವು" ಅಂತಾಳೆ, ಹಠ ಅಲ್ಲ ಅದು, ಮುಖ ನೋಡಿದ್ರೆ ಗೊತ್ತಾಗುತ್ತೆ ನಿಜವಾಗ್ಲೂ ಹಸಿವೇ ಅಂತ. ಹೋದ ವಾರ ರಾತ್ರಿ ಅಡುಗೆಮನೇಲಿ ಡಬ್ಬಿ ಮುಚ್ಚಳದ ಸದ್ದಾಯ್ತು, ಎದ್ದು ಲೈಟ್ ಹಾಕಿದೆ, ನೆಲದ ಮೇಲೆ ಡಬ್ಬಿ ತಬ್ಕೊಂಡು ಕೂತಿದ್ಲು, ನನ್ನ ನೋಡಿದ್ದೇ ಅಳೋಕೆ ಶುರು ಮಾಡಿದ್ಲು. ನಾನು ಬೈದೆ. ಆಮೇಲೆ ನನಗೂ ನಿದ್ದೆ ಬರ್ಲಿಲ್ಲ.

ತೋರಿಸಿದ ಡಾಕ್ಟ್ರು ಕಮ್ಮಿ ತಿನ್ನಿಸಿ ಅಂದ್ರು ಅಷ್ಟೇ. ನೆಂಟರಂತೂ ನೇರವಾಗಿ ನನ್ನನ್ನೇ ಅಂತಾರೆ, ನೀನೇ ಮುದ್ದು ಮಾಡಿ ಹಾಳು ಮಾಡ್ದೆ ಅಂತ. ಕೇಂಬ್ರಿಡ್ಜ್‌ನ ಸದಾಫ್ ಫಾರೂಖಿ ಅನ್ನೋ ಡಾಕ್ಟರ್ ಇಂಥ ಮಕ್ಕಳ ಮೇಲೇ ರಿಸರ್ಚ್ ಮಾಡಿದಾರೆ ಅಂತ ಓದಿದೆ, ಪೂರ್ತಿ ಅರ್ಥ ಆಗ್ಲಿಲ್ಲ. ಅವರು ಕಂಡುಹಿಡಿದಿದ್ದು ಏನು, ನಮ್ಮಂಥೋರಿಗೆ ಅದರಿಂದ ಏನಾದ್ರೂ ಉಪಯೋಗ ಇದ್ಯಾ?

ಬಯೋಕೆಮಿಸ್ಟ್ರಿ ಮೇಡಂ:

ಅಮ್ಮಾ, ನಿಮ್ಮ ತಪ್ಪು ಅಂತ ಯಾರು ಹೇಳಿದ್ರೂ ತಲೆಗೆ ಹಾಕ್ಕೋಬೇಡಿ. ಇದು ಇಲಿಗಳಿಂದ ಶುರುವಾದ ಕತೆ, ಸ್ವಲ್ಪ ಉದ್ದ ಇದೆ, ಓದಿ.

1949ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಲಿ ವಿಪರೀತ ದಪ್ಪ ಇರೋ ಒಂದು ತಳಿ ಇಲಿ ಕಾಣಿಸ್ಕೊಳ್ತು, ಎಷ್ಟು ತಿಂದ್ರೂ ನಿಲ್ಲಿಸ್ತಾ ಇರ್ಲಿಲ್ಲ. ಆಮೇಲೆ 1960ರ ದಶಕದಲ್ಲಿ ಸಕ್ಕರೆ ಕಾಯಿಲೆ ಜೊತೆಗೆ ದಪ್ಪ ಆಗೋ ಇನ್ನೊಂದು ತಳಿ ಸಿಕ್ತು. ಅಲ್ಲಿದ್ದ ಡಗ್ಲಸ್ ಕೋಲ್ಮನ್ ಅನ್ನೋ ವಿಜ್ಞಾನಿ ಎರಡೆರಡು ಇಲಿಗಳನ್ನ ಪಕ್ಕಕ್ಕೆ ಪಕ್ಕ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹೋಗೋ ಹಾಗೆ ಮಾಡಿದ್ರು. ಮೊದಲನೇ ತಳಿ ಇಲಿಯನ್ನ ಮಾಮೂಲಿ ಇಲಿಗೆ ಸೇರಿಸಿದಾಗ ದಪ್ಪ ಇಲಿ ತಿನ್ನೋದು ಕಮ್ಮಿ ಮಾಡ್ತು. ಎರಡನೇ ತಳಿಯದನ್ನ ಸೇರಿಸಿದಾಗ ಉಲ್ಟಾ ಆಯ್ತು, ಪಕ್ಕದ ಮಾಮೂಲಿ ಇಲಿ ತಿನ್ನೋದನ್ನೇ ಬಿಟ್ಟು ಸತ್ತೇ ಹೋಯ್ತು. ಇದರಿಂದ ಅವರು ಹಿಡಿದಿದ್ದು ಏನಂದ್ರೆ, ರಕ್ತದಲ್ಲಿ "ಸಾಕು" ಅನ್ನೋ ಒಂದು ಸಂದೇಶ ಓಡಾಡ್ತಿದೆ, ಒಂದು ತಳಿಗೆ ಆ ಸಂದೇಶಾನೇ ತಯಾರಾಗಲ್ಲ, ಇನ್ನೊಂದಕ್ಕೆ ಬೇಕಾದಷ್ಟಿದೆ ಆದ್ರೆ ಅದು ಕೇಳಿಸಲ್ಲ. ಆ ಸಂದೇಶದ ಜೀನ್ ಸಿಕ್ಕಿದ್ದು 1994ರಲ್ಲಿ, ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಯೂನಿವರ್ಸಿಟಿಯ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ. ಅದೇ ಲೆಪ್ಟಿನ್, ಕೊಬ್ಬಿನ ಜೀವಕೋಶಗಳೇ ಮಾಡೋ ಹಾರ್ಮೋನ್. ಅಲ್ಲೀವರೆಗೂ ಕೊಬ್ಬು ಅಂದ್ರೆ ಸುಮ್ನೆ ಗೋದಾಮು ಅಂದ್ಕೊಂಡಿದ್ರು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಕೇಂಬ್ರಿಡ್ಜ್‌ನಲ್ಲಿ ಸ್ಟೀಫನ್ ಓರಾಹಿಲಿ ಅವರ ತಂಡದಲ್ಲಿ ಫಾರೂಖಿ ಸೇರ್ಕೊಂಡಾಗ ಒಂದೇ ಕುಟುಂಬದ ಇಬ್ಬರು ಮಕ್ಕಳು ಬಂದಿದ್ರು. ಹುಡುಗಿಗೆ 8 ವರ್ಷ, 86 ಕೆಜಿ. ಹುಡುಗನಿಗೆ 2 ವರ್ಷ, 29 ಕೆಜಿ. ಇಬ್ಬರೂ ಹುಟ್ಟಿದಾಗ ತೂಕ ಮಾಮೂಲಾಗೇ ಇತ್ತು. ಮೈಯಲ್ಲಿ ಅಷ್ಟು ಕೊಬ್ಬಿದ್ರೆ ರಕ್ತದಲ್ಲಿ ಲೆಪ್ಟಿನ್ ತುಂಬಿ ತುಳುಕ್ಬೇಕು, ನೋಡಿದ್ರೆ ಹೆಚ್ಚುಕಮ್ಮಿ ಇರ್ಲೇ ಇಲ್ಲ! ಅವರ ಲೆಪ್ಟಿನ್ ಜೀನ್ ಓದಿದಾಗ ಅದರ ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. 1997ರಲ್ಲಿ ಇದು ಪ್ರಕಟ ಆಯ್ತು. ಮುಂದೆ ಫಾರೂಖಿ ಅದೇ ಹುಡುಗಿಗೆ ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಟ್ಟು ನೋಡಿದ್ರು, 94.4 ಕೆಜಿ ಇದ್ದ ತೂಕದಲ್ಲಿ ಒಂದು ವರ್ಷಕ್ಕೆ 16.4 ಕೆಜಿ ಕಮ್ಮಿ ಆಯ್ತು, ಇಳಿದಿದ್ದರಲ್ಲಿ ಹೆಚ್ಚುಪಾಲು ಬರೀ ಕೊಬ್ಬು. ಯಾರೂ ಆ ಮಗುಗೆ ತಟ್ಟೆ ಕಸ್ಕೊಳ್ಳಲಿಲ್ಲ, ಗದರಿಸಲಿಲ್ಲ. ಹೊಟ್ಟೆ ತುಂಬಿದ್ದು ಅದಕ್ಕೆ ಗೊತ್ತಾಗೋಕೆ ಶುರುವಾಯ್ತು, ಅಷ್ಟೇ. ನಾನು ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಆದ್ರೆ ಲೆಪ್ಟಿನ್ ಕೊರತೆ ತುಂಬಾ ತುಂಬಾ ಅಪರೂಪ. ಸ್ವಲ್ಪ ಹೆಚ್ಚಾಗಿ ಸಿಗೋದು ಎಂಸಿ4ಆರ್ ಅನ್ನೋ ಜೀನ್‌ನಲ್ಲಿ ದೋಷ, ಆ ಜೀನ್‌ನಿಂದ ತಯಾರಾಗೋದು ಮೆದುಳಲ್ಲಿ ಆ "ಸಾಕು" ಸಂದೇಶದ ದಾರಿಲಿ ಕೆಲಸ ಮಾಡೋ ರಿಸೆಪ್ಟರ್, ಅಂದ್ರೆ ಸಂದೇಶ ಹಿಡಿಯೋ ಭಾಗ. ಚಿಕ್ಕಂದಿನಲ್ಲೇ ತೀವ್ರ ಬೊಜ್ಜು ಬಂದ 500 ಜನರನ್ನ ಫಾರೂಖಿ ತಂಡ ನೋಡಿದಾಗ 5.8% ಜನರಲ್ಲಿ ಇದು ಸಿಕ್ತು, 2003ರ ಪೇಪರ್ ಅದು. ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಮೂರು ಪಾತ್ರೇಲಿ ಚಿಕನ್ ಕೂರ್ಮ ಇಟ್ರು, ನೋಡೋಕೂ ರುಚಿಗೂ ಒಂದೇ ತರ, ಕೊಬ್ಬಿನ ಪ್ರಮಾಣ ಮಾತ್ರ ಬೇರೆ ಬೇರೆ. ಎಂಸಿ4ಆರ್ ದೋಷ ಇದ್ದೋರು ತಮಗೇ ಗೊತ್ತಿಲ್ಲದೆ ಕೊಬ್ಬು ಜಾಸ್ತಿ ಇದ್ದಿದ್ದನ್ನೇ ಹೆಚ್ಚು ತಿಂದ್ರು, ತೆಳ್ಳಗಿರೋರಿಗೆ ಹೋಲಿಸಿದ್ರೆ ಹತ್ತತ್ರ ಎರಡರಷ್ಟು. ನಾಲಿಗೆಗೆ ತಿಳೀದೆ ಇದ್ದಿದ್ದು ಮೆದುಳಿಗೆ ತಿಳಿದಿತ್ತು.

ನೇರ ಮಾತು:

ಮೇಡಂ ಚೆನ್ನಾಗಿ ಬರೆದಿದೀರಿ, ಆದ್ರೂ ನನಗೊಂದು ಭಯ. ಎಲ್ಲದಕ್ಕೂ ಜೀನ್ ಅಂತ ಹೇಳಿಬಿಟ್ರೆ ಜನ ಕೈ ಚೆಲ್ಲಿ ಕೂರ್ತಾರೆ. ನಾವು ಚಿಕ್ಕವರಿದ್ದಾಗ ಇಷ್ಟೊಂದು ದಪ್ಪ ಮಕ್ಕಳು ಇರ್ಲಿಲ್ಲ, ಇಷ್ಟು ವರ್ಷದಲ್ಲಿ ಎಲ್ಲರ ಜೀನೂ ಬದಲಾಯ್ತಾ?

ತಕ್ಕಡಿ:

ಸಾರ್, ಜೀನ್ ಬದಲಾಗಿಲ್ಲ, ಸುತ್ತಮುತ್ತ ಸಿಗೋ ತಿಂಡಿ ಬದಲಾಯ್ತು, ಓಡಾಟ ಕಮ್ಮಿ ಆಯ್ತು, ಅದು ಒಪ್ಪೋ ಮಾತೇ. ಆದ್ರೆ ಅದೇ ತಿಂಡಿ ಎಲ್ಲರಿಗೂ ಸಿಗ್ತಿದ್ರೂ ಎಲ್ಲರೂ ಒಂದೇ ತರ ದಪ್ಪ ಆಗಿಲ್ಲವಲ್ಲ, ಆ ವ್ಯತ್ಯಾಸ ಬರೋದು ಬಹುಮಟ್ಟಿಗೆ ಹುಟ್ಟಿನಿಂದ. 1986ರಲ್ಲಿ ಡೆನ್ಮಾರ್ಕ್‌ನ 540 ಜನ ದತ್ತುಮಕ್ಕಳ ಲೆಕ್ಕ ತೆಗೆದಿದ್ರು, ಅವರು ದೊಡ್ಡವರಾದ ಮೇಲೆ ತೂಕ ಹೊಂದಿಕೆ ಆಗಿದ್ದು ಹೆತ್ತವರ ಜೊತೆ, ಸಾಕಿದವರ ಜೊತೆ ಅಲ್ಲ. ಊಟ ಹಾಕಿದ್ದು ಸಾಕಿದವರೇ ತಾನೆ!

ನನ್ನದೇ ಹೇಳ್ತೀನಿ. ಒಂದೂವರೆ ವರ್ಷ ಕಷ್ಟಪಟ್ಟು 14 ಕೆಜಿ ಇಳಿಸಿದೆ, ಇಳಿಸಿದ ಮೇಲೆ ಹಸಿವು ಮೊದಲಿಗಿಂತ ಜೋರಾಯ್ತು, ಮೀಟಿಂಗಲ್ಲಿ ಕೂತಿದ್ರೂ ಮನಸ್ಸೆಲ್ಲಾ ಊಟದ ಮೇಲೇ, ಎರಡು ವರ್ಷದಲ್ಲಿ 11 ಕೆಜಿ ವಾಪಸ್ ಬಂತು. ಎಲ್ಲರೂ ಮನಸ್ಸು ಗಟ್ಟಿ ಇಲ್ಲ ಅಂದ್ರು, ನಾನೂ ಹಾಗೇ ನಂಬಿದ್ದೆ. ಆಮೇಲೆ ಓದಿದೆ, ಕೊಲಂಬಿಯಾ ಯೂನಿವರ್ಸಿಟಿಯ ರೂಡಾಲ್ಫ್ ಲೈಬೆಲ್, ಮೈಕೆಲ್ ರೋಸೆನ್‌ಬಾಮ್ ಅವರ ಕೆಲಸ. 10% ತೂಕ ಇಳಿಸಿದೋರ ದೇಹ ಖರ್ಚು ಮಾಡೋ ಶಕ್ತೀನೇ ಕಮ್ಮಿ ಆಗಿಬಿಡುತ್ತೆ, ಲೆಪ್ಟಿನ್ ಬಿದ್ದುಹೋಗುತ್ತೆ, ಮೆದುಳಿಗೆ ಬರಗಾಲ ಬಂತು ಅನ್ನಿಸುತ್ತೆ. ತೂಕ ಇಳಿಸೋಕೆ ಈಗ ಕೊಡೋ ಸೆಮಾಗ್ಲುಟೈಡ್ ಇಂಜೆಕ್ಷನ್ನೂ ಅಷ್ಟೇ, ಟ್ರಯಲ್‌ನಲ್ಲಿ 68 ವಾರಕ್ಕೆ ಸರಾಸರಿ ಸುಮಾರು 15% ತೂಕ ಇಳೀತು, ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದಿದ್ದರ ಮೂರರಲ್ಲಿ ಎರಡು ಪಾಲು ವಾಪಸ್. ಬಿಪಿ ಮಾತ್ರೆ ಬಿಟ್ರೆ ಬಿಪಿ ಏರಿದ ಹಾಗೆ. ಯಾರೂ ಬಿಪಿ ಇರೋರಿಗೆ ನಿನಗೆ ಮನಸ್ಸು ಗಟ್ಟಿ ಇಲ್ಲ ಅನ್ನಲ್ಲ.

ಮಕ್ಕಳ ವಾರ್ಡ್:

ನಾನು ಮಕ್ಕಳ ಹಾರ್ಮೋನ್ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಇಲ್ಲಿ ಕೂತು ನಿಮ್ಮ ಮಗಳಿಗೆ ಏನಾಗಿದೆ ಅಂತ ಹೇಳೋಕೆ ಆಗಲ್ಲ, ಆದ್ರೆ ಟೆಸ್ಟ್ ಬಗ್ಗೆ ಡಾಕ್ಟರ್ ಹತ್ರ ಕೇಳೋಕೆ ನಿಮಗೆ ಕಾರಣ ಖಂಡಿತ ಇದೆ. ಐದು ವರ್ಷದೊಳಗೇ ತೀವ್ರ ಬೊಜ್ಜು ಶುರು ಆಗಿರೋದು, ತೀರದ ಹಸಿವು, ಎರಡೂ ಇದ್ರೆ ಜೀನ್ ಟೆಸ್ಟ್ ಯೋಚನೆ ಮಾಡಿ ಅಂತಾನೇ ಗೈಡ್‌ಲೈನ್ ಹೇಳುತ್ತೆ.

ಹೋಗುವಾಗ ಹುಟ್ಟಿದಾಗಿನಿಂದ ಬರೆದಿಟ್ಟ ತೂಕ, ಎತ್ತರ ಎರಡೂ ತಗೊಂಡು ಹೋಗಿ. ಎತ್ತರ ಬಹಳ ಮುಖ್ಯ, ಜನ ಅದನ್ನ ಮರೀತಾರೆ. ತೂಕ ಏರ್ತಾ ಎತ್ತರ ನಿಂತುಹೋಗಿದ್ರೆ ಥೈರಾಯ್ಡ್, ಕಾರ್ಟಿಸಾಲ್ ತರದ ಹಾರ್ಮೋನ್ ನೋಡ್ಬೇಕಾಗುತ್ತೆ, ಎಂಸಿ4ಆರ್ ದೋಷದ ಮಕ್ಕಳು ಸಾಮಾನ್ಯವಾಗಿ ಎತ್ತರವಾಗೇ ಇರ್ತಾರೆ. ಮನೇಲಿ ಯಾರಿಗೆ ಚಿಕ್ಕಂದಿನಿಂದ ಹೀಗಿತ್ತು, ರಕ್ತಸಂಬಂಧದಲ್ಲಿ ಮದುವೆ ಆಗಿದೀರಾ, ಇವೆಲ್ಲಾ ಕೇಳ್ತಾರೆ, ಸಂಕೋಚ ಬೇಡ. ಜೊತೆಗೆ ಸಕ್ಕರೆ, ಲಿವರ್, ಬಿಪಿ ನೋಡಿಸಿ. ಟೆಸ್ಟಲ್ಲಿ ಏನೂ ಸಿಗದೇ ಇರಬಹುದು, ಹೆಚ್ಚಿನ ಮಕ್ಕಳಲ್ಲಿ ಒಂದೇ ಜೀನ್ ಅಲ್ಲ, ನೂರಾರು ಸಣ್ಣ ಸಣ್ಣ ವ್ಯತ್ಯಾಸ ಸೇರಿ ಹೀಗಾಗಿರುತ್ತೆ, ಹಾಗಂತ ಅವಳ ಹಸಿವು ಸುಳ್ಳಾಗಲ್ಲ. ಸಿಕ್ಕಿದ್ರೆ ಕೆಲವಕ್ಕೆ ಔಷಧಿ ಇದೆ, ಲೆಪ್ಟಿನ್ ರಿಸೆಪ್ಟರ್, ಅದೇ ಸಂದೇಶದ ದಾರಿಲಿರೋ ಪೊಮ್ಸಿ (POMC) ಅನ್ನೋ ಜೀನ್, ಇವುಗಳ ದೋಷಗಳಿಗೆ ಸೆಟ್‌ಮೆಲನೋಟೈಡ್ ಅಂತ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಆಗ 6 ವರ್ಷ ಮೇಲ್ಪಟ್ಟೋರಿಗೆ.

ಮನೇಲಿ ಅವಳೊಬ್ಬಳಿಗೇ ಬೇರೆ ತಟ್ಟೆ ಮಾಡ್ಬೇಡಿ, ಎಲ್ಲರೂ ಒಂದೇ ಊಟ ಮಾಡಿ, ಡಬ್ಬಿಗಳು ಕಣ್ಣಿಗೆ ಬೀಳದ ಕಡೆ ಇರ್ಲಿ.

ಮಗಳ ಅಮ್ಮ:

ಎಲ್ಲಾರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ಲಸಿಕೆ ಕಾರ್ಡ್ ಹುಡುಕಿ ತೆಗೆದೆ, ತೂಕ ಎಲ್ಲಾ ಸಲ ಬರೆದಿದಾರೆ, ಎತ್ತರ ಎರಡೇ ಸಲ, ಎರಡೂ ಸಲ ವಯಸ್ಸಿಗಿಂತ ಜಾಸ್ತೀನೇ ಇದೆ. ನನ್ನ ಮಾವನವರಿಗೂ ಚಿಕ್ಕಂದಿನಿಂದ ಹೀಗೇ ಇತ್ತಂತೆ, ಇವತ್ತೇ ಅತ್ತೆ ಹೇಳಿದ್ದು. ಸೋಮವಾರಕ್ಕೆ ಹಾರ್ಮೋನ್ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ನಿನ್ನೆ ರಾತ್ರಿ ಮತ್ತೆ ಎದ್ದಿದ್ಲು. ಲೈಟ್ ಹಾಕಲಿಲ್ಲ, ಹೋಗಿ ಪಕ್ಕದಲ್ಲಿ ಕೂತೆ.